ತಕ್ಕಡಿಯವರ ತೂಕ

ನಮ್ಮವರಿಗೆ ತಕ್ಕಡಿ ರಿಪೇರಿ ಕೆಲಸ. ಅಂಗಡಿ ಮೇಜಿನ ಮೇಲಿನ ಪುಟ್ಟ ಯಂತ್ರದಿಂದ ಹಿಡಿದು ಗೋದಾಮಿನಲ್ಲಿ ಮೂಟೆ ತೂಗುವ ನೆಲದ ಯಂತ್ರದವರೆಗೆ, ತೂಗುವಂಥದ್ದು ಯಾವುದು ಕೆಟ್ಟರೂ ಜನ ಅವರನ್ನೇ ಕರೆಯುತ್ತಾರೆ. ಮಾರುಕಟ್ಟೆಯಲ್ಲಿ ಅವರ ಹೆಸರು ಯಾರಿಗೂ ನೆನಪಿಲ್ಲ, ತಕ್ಕಡಿಯವರು ಅಂದರೆ ಸಾಕು. ನನ್ನನ್ನು ತಕ್ಕಡಿಯವರ ಮನೆಯವರು ಅನ್ನುತ್ತಾರೆ. ಬಾಯಿ ಸ್ವಲ್ಪ ಜೋರು ಅಂತಲೂ ಅನ್ನುತ್ತಾರಂತೆ. ಅನ್ನಲಿ ಬಿಡಿ. ಇಪ್ಪತ್ತಾರು ವರ್ಷ ಇಂಥ ಮೌನಿಯ ಜೊತೆ ಬಾಳಿದವಳು ಇಬ್ಬರ ಪಾಲಿನ ಮಾತನ್ನೂ ತಾನೊಬ್ಬಳೇ ಆಡಬೇಕಾಗುತ್ತದೆ.

ದೊಡ್ಡ ಯಂತ್ರ ಸರಿ ಮಾಡಿದ ಮೇಲೆ ಅದು ನಿಜ ಹೇಳುತ್ತಿದೆಯೋ ಇಲ್ಲವೋ ಎಂದು ನೋಡಲು, ಗೊತ್ತಿರುವ ತೂಕವನ್ನು ಅದರ ಮೇಲೆ ಇಡಬೇಕು. ಅದಕ್ಕೆಂದೇ ನಮ್ಮ ಅಂಗಡಿಯಲ್ಲಿ ಸರ್ಕಾರಿ ಮುದ್ರೆ ಹಾಕಿದ ಕಬ್ಬಿಣದ ಬಟ್ಟುಗಳಿವೆ, ಒಂದೊಂದೂ ಇಪ್ಪತ್ತು ಕಿಲೋ. ಅವನ್ನು ಊರೆಲ್ಲ ಹೊತ್ತು ತಿರುಗುವ ಬದಲು ನಮ್ಮವರು ಒಂದು ಉಪಾಯ ಮಾಡಿಕೊಂಡಿದ್ದರು. ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಬಟ್ಟೆ, ಚಪ್ಪಲಿ ಸಮೇತ ನಮ್ಮದೇ ಯಂತ್ರದ ಮೇಲೆ ನಿಂತು, ಬಂದ ಅಂಕಿಯನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡುವುದು. ಆಮೇಲೆ ಎಲ್ಲಿ ಹೋಗಿ ರಿಪೇರಿ ಮಾಡಿದರೂ, ಕೊನೆಗೆ ತಾವೇ ಆ ಯಂತ್ರದ ಮೇಲೆ ಹತ್ತಿ ನಿಂತು, ಬೆಳಗಿನ ಅಂಕಿ ಬರುವವರೆಗೆ ಅದರ ತಿರುಪು ತಿರುಗಿಸುವುದು. ಮಧ್ಯೆ ಊಟ ಆಗಿದ್ದರೆ ಮುಕ್ಕಾಲು ಕಿಲೋ ಸೇರಿಸಿಕೊಳ್ಳುತ್ತಿದ್ದರು, ಚಹಾಕ್ಕೆ ನೂರು ಗ್ರಾಂ. ಹೀಗೆ ಮಾಡಬಾರದು ಎಂದು ನಿಯಮ ಇದೆ, ಅದು ಅವರಿಗೂ ಗೊತ್ತಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲವಾದ್ದರಿಂದ ಕಬ್ಬಿಣದ ಬಟ್ಟುಗಳು ಬೆಂಚಿನ ಕೆಳಗೆ ದೂಳು ತಿನ್ನುತ್ತಾ ಕೂತಿದ್ದವು.

ಆ ಮೈ ಎಷ್ಟಿತ್ತು ಅಂದುಕೊಂಡಿರಿ? ನೂರ ನಲವತ್ತಾರು ಕಿಲೋ. ಕರಗಿಸಲು ಪ್ರಯತ್ನ ಪಡಲಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ, ನನಗೆ ಕೋಪ ಬರುತ್ತದೆ. ಒಂದು ವರ್ಷ ಅನ್ನ ಬಿಟ್ಟು, ಸಕ್ಕರೆ ಬಿಟ್ಟು, ಬೆಳಗಾಗುವ ಮೊದಲು ಎದ್ದು ನಡೆದು ಹದಿನೆಂಟು ಕಿಲೋ ಇಳಿಸಿದ್ದರು. ಮುಂದಿನ ವರ್ಷ ಇಪ್ಪತ್ತೆರಡು ಕಿಲೋ ಹೇಳದೆ ಕೇಳದೆ ವಾಪಸ್ಸು ಬಂದು ಕೂತಿತು. ಆಮೇಲೆ ಎಂಟು ವರ್ಷ ನೂರ ನಲವತ್ತಾರರಲ್ಲೇ ಗಟ್ಟಿಯಾಗಿ ನಿಂತಿತ್ತು. ಅವರ ಅಕ್ಕ ಬಂದಾಗಲೆಲ್ಲ ನನ್ನ ಅಡುಗೆಮನೆಯಲ್ಲೇ ಕೂತು, ನಾನು ಬಡಿಸಿದ್ದನ್ನೇ ಎರಡೆರಡು ಸಲ ಹಾಕಿಸಿಕೊಂಡು, ತಮ್ಮನಿಗೆ ಬಾಯಿ ಕಟ್ಟು ಅಂತ ಬುದ್ಧಿ ಹೇಳುತ್ತಿದ್ದರು. ಅವರು ಹೋದ ಮೇಲೆ ಪಾತ್ರೆಗಳನ್ನು ನಾನು ಸ್ವಲ್ಪ ಸದ್ದು ಮಾಡಿಯೇ ತೊಳೆಯುತ್ತಿದ್ದೆ.

ತೂಕದ ಜೊತೆಗೆ ಸಕ್ಕರೆ ಕಾಯಿಲೆ ಬಂತು, ರಕ್ತದೊತ್ತಡ ಬಂತು, ಮಂಡಿ ಹೋಯಿತು. ಇದೆಲ್ಲ ಯಾರಿಗೆ ಇಲ್ಲ ಅಂತ ಸುಮ್ಮನಿದ್ದೆವು. ನನ್ನ ಜೀವ ಬಾಯಿಗೆ ಬಂದದ್ದು ಒಂದು ಮಧ್ಯಾಹ್ನ. ಊಟದ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದರೆ, ರಿಪೇರಿಗೆ ಬಂದಿದ್ದ ಯಂತ್ರದ ಮೇಲೆ ತಲೆ ಇಟ್ಟು ಗೊರಕೆ ಹೊಡೆಯುತ್ತಿದ್ದರು. ಯಂತ್ರ ಐದು ಕಿಲೋ ಚಿಲ್ಲರೆ ತೋರಿಸುತ್ತಿತ್ತು, ಉಸಿರಾಟದ ಜೊತೆ ಕೊನೆಯ ಅಂಕಿ ಮೇಲೆ ಕೆಳಗೆ ಆಡುತ್ತಿತ್ತು. ನಗು ಬಂದು ನೋಡುತ್ತಾ ನಿಂತೆ. ಇದ್ದಕ್ಕಿದ್ದಂತೆ ಗೊರಕೆ ನಿಂತಿತು, ಅಂಕಿಯೂ ನಿಂತಿತು. ನಾನು ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತೈದಾದರೂ ಅಂಕಿ ಕದಲಲಿಲ್ಲ. ಡಬ್ಬಿ ಬಿಸಾಕಿ ಭುಜ ಹಿಡಿದು ಅಲ್ಲಾಡಿಸಿದೆ. ಅವರು ಕಣ್ಣು ಬಿಟ್ಟು, ಊಟ ಯಾಕೆ ಚೆಲ್ಲಿದೆ ಅಂತ ಕೇಳಿದರು.

ಡಾಕ್ಟರು ಪರೀಕ್ಷೆ ಮಾಡಿಸಿ, ನಿದ್ದೆಯಲ್ಲಿ ಗಂಟೆಗೆ ಮೂವತ್ತೆಂಟು ಸಲ ಉಸಿರು ನಿಲ್ಲುತ್ತಿದೆ ಎಂದರು. ಹೀಗೇ ಬಿಟ್ಟರೆ ಹೃದಯ ಹೆಚ್ಚು ದಿನ ತಾಳುವುದಿಲ್ಲ, ಜಠರವನ್ನು ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಳ್ಳಿ ಎಂದು ಇನ್ನೊಬ್ಬ ಡಾಕ್ಟರ ಬಳಿ ಕಳಿಸಿದರು. ಆ ಡಾಕ್ಟರಮ್ಮ ಮೊದಲು ತೂಕ ನೋಡಲು ನಿಲ್ಲಿಸಿದರು. ನಮ್ಮವರು ನಿಂತು, ಇಳಿದು, ಮಂಡಿಯೂರಿ ಯಂತ್ರದ ಕಾಲಿನ ತಿರುಪು ಹಿಡಿದು ಕೂತುಬಿಟ್ಟರು. ಈ ಯಂತ್ರ ಆರುನೂರು ಗ್ರಾಂ ಜಾಸ್ತಿ ತೋರಿಸುತ್ತದೆ ಅಂತ ದೂರು. ನನಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಡಾಕ್ಟರಮ್ಮ ಮಾತ್ರ ತಾಳ್ಮೆಯಿಂದ ಕಾದು, ಅವರು ಎದ್ದ ಮೇಲೆ ಹೇಳಿದರು: "ಸರಿ, ಆ ಆರುನೂರು ಗ್ರಾಂ ಬಿಟ್ಟುಬಿಡೋಣ. ಮಿಕ್ಕಿದ್ದಕ್ಕೆ ಏನು ಮಾಡೋಣ, ಹೇಳಿ."

ಮಿಕ್ಕಿದ್ದಕ್ಕೆ ನಮ್ಮವರು 'ನೋಡೋಣ' ಅಂದರು. ಆ ನೋಡೋಣ ಎರಡು ವರ್ಷ ನಡೆಯಿತು. ಮೊದಮೊದಲು ನಾನೂ ಬೇಡವೇ ಬೇಡ ಅಂದವಳೇ. ಚೆನ್ನಾಗಿರುವ ಹೊಟ್ಟೆಯ ಚೀಲವನ್ನು ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ ಅಂದರೆ ಯಾವ ಹೆಂಡತಿ ಒಪ್ಪುತ್ತಾಳೆ? ಆದರೆ ಆ ಮಧ್ಯಾಹ್ನದ ಅಂಕಿ ನನ್ನ ಕಣ್ಣ ಮುಂದಿಂದ ಹೋಗಲೇ ಇಲ್ಲ. ಡಾಕ್ಟರಮ್ಮನ ಬಳಿ ನಾನೊಬ್ಬಳೇ ಮೂರು ಸಲ ಹೋಗಿ ತಲೆ ತಿಂದು ಬಂದೆ. ಎಷ್ಟು ಜನಕ್ಕೆ ಮಾಡಿದ್ದೀರಿ, ಎಷ್ಟು ಜನ ಸತ್ತರು ಅಂತ ನೇರವಾಗಿಯೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ, ಅಪಾಯ ಇದೆ ಆದರೆ ತೀರ ಕಡಿಮೆ, ಸುಮ್ಮನಿದ್ದರೆ ಇರುವ ಅಪಾಯ ಇದಕ್ಕಿಂತ ದೊಡ್ಡದು ಎಂದು ಬಿಡಿಸಿ ಹೇಳಿದರು. ಆಪರೇಷನ್ ಮಾಡಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ, ಕೆಲಸ ಅಲ್ಲಿಂದಲೇ ಶುರು ಅಂತಲೂ ಎಚ್ಚರಿಸಿದರು. ನಾನು ಒಪ್ಪಿದೆ. ಇವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅಳುವುದು, ಬೈಯುವುದು, ಮಾತು ಬಿಡುವುದು, ಎಲ್ಲ ಮಾಡಿ ನೋಡಿದೆ. ಮಾತು ಬಿಟ್ಟದ್ದು ಅವರಿಗೆ ಗೊತ್ತಾಗಲು ಎರಡು ದಿನ ಬೇಕಾಯಿತು.

ಅವರನ್ನು ಒಪ್ಪಿಸಿದ್ದು ನಾನಲ್ಲ, ಒಬ್ಬ ಮೇಷ್ಟ್ರು.

ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆ ಒಂದು ಆಸ್ಪತ್ರೆ ಇದೆ. ಅದರ ನಾಲ್ಕನೇ ಮಹಡಿಯಲ್ಲಿ ಮೂತ್ರಪಿಂಡ ಕೆಟ್ಟವರಿಗೆ ಡಯಾಲಿಸಿಸ್ ಮಾಡುತ್ತಾರೆ. ಅಂಥವರ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಬಂದ ಕೂಡಲೇ ತೂಗಿ, ಇರಬೇಕಾದ ತೂಕಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟು ನೀರನ್ನು ನಾಲ್ಕು ತಾಸಿನಲ್ಲಿ ಯಂತ್ರದಿಂದ ತೆಗೆಯುತ್ತಾರೆ. ತೂಕ ತಪ್ಪಿದರೆ ತೆಗೆಯಬಾರದ ನೀರೂ ಹೋಗುತ್ತದೆ. ಆಗ ರಕ್ತದೊತ್ತಡ ಕುಸಿದು ಮನುಷ್ಯ ಮಂಚದ ಮೇಲೇ ಎಚ್ಚರ ತಪ್ಪುತ್ತಾನೆ, ಜೀವಕ್ಕೂ ಕುತ್ತು ಬರಬಹುದು. ಗಾಲಿಕುರ್ಚಿ ಸಮೇತ ತೂಗುವ ಅಲ್ಲಿನ ಯಂತ್ರ ನಮ್ಮವರ ಉಸ್ತುವಾರಿ. ಆ ವಾರ್ಡಿನ ನರ್ಸಮ್ಮ ಡಾಕ್ಟರುಗಳನ್ನೇ ಗದರಿಸುವ ಹೆಂಗಸು, ತಕ್ಕಡಿಯವರನ್ನು ಬಿಟ್ಟು ಬೇರೆ ಯಾರನ್ನೂ ಆ ಯಂತ್ರ ಮುಟ್ಟಲು ಬಿಡುತ್ತಿರಲಿಲ್ಲ.

ಮೇಷ್ಟ್ರು ಬೆಳಗಿನ ಮೊದಲ ಸರದಿಯವರು. ಲೆಕ್ಕ ಪಾಠ ಮಾಡಿ ನಿವೃತ್ತರಾದವರು. ಯಂತ್ರ ನೋಡಲು ಹೋದಾಗಲೆಲ್ಲ ನಮ್ಮವರು ಅವರ ಮಂಚದ ಪಕ್ಕ ಹತ್ತು ನಿಮಿಷ ಕೂತು ಸುಧಾರಿಸಿಕೊಂಡು ಬರುತ್ತಿದ್ದರು. ಒಂದು ದಿನ ಇವರ ಏದುಸಿರು ಕೇಳಿ ಮೇಷ್ಟ್ರು ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ, ಎಷ್ಟಿದೆ ಎಂದೆಲ್ಲ ವಿಚಾರಿಸಿದರಂತೆ. ಆಪರೇಷನ್ ಮಾತು ಬಂದಾಗ ಇವರು ಎಂದಿನಂತೆ ನೋಡೋಣ ಅಂದರಂತೆ. ಮೇಷ್ಟ್ರು ತಮ್ಮ ಕೈಗೆ ಚುಚ್ಚಿದ್ದ ಕೊಳವೆ ತೋರಿಸಿ ಅಂದದ್ದು ಇಷ್ಟೇ: "ನನಗೂ ಹತ್ತು ವರ್ಷದ ಹಿಂದೆ ಡಾಕ್ಟರು ಹೇಳಿದ್ರು, ಸಕ್ಕರೆ ಹತೋಟಿಗೆ ತಗೊಳ್ಳಿ ಅಂತ. ನಾನೂ ನೋಡೋಣ ಅಂದಿದ್ದೆ. ಈಗ ವಾರಕ್ಕೆ ಮೂರು ದಿನ ಈ ಸೂರು ನೋಡ್ತಾ ಮಲಗಿರ್ತೀನಿ."

ಅವತ್ತು ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಮಾಡಿಸಿಕೊಳ್ಳುತ್ತೇನೆ ಎಂದರು. ನಾನು ಒಲೆ ಆರಿಸಿ ಹೊರಗೆ ಬಂದು, ಇನ್ನೊಂದು ಸಲ ಹೇಳಿ ಅಂದೆ. ಇನ್ನೊಂದು ಸಲ ಹೇಳಿದರು. ಆ ಮೇಷ್ಟ್ರನ್ನು ನಾನು ಅದುವರೆಗೆ ಕಂಡೂ ಇರಲಿಲ್ಲ, ಆದರೂ ನಿಂತಲ್ಲೇ ಅವರಿಗೆ ಕೈ ಮುಗಿದೆ.

ಆಪರೇಷನ್ ದಿನ ಅವರ ಅಕ್ಕ ನನ್ನ ಪಕ್ಕ ಕೂತು, ಬೇಡ ಬೇಡ ಅಂದರೂ ಕೇಳಲಿಲ್ಲ ನೀವು ಎಂದು ಎರಡು ತಾಸು ಗೊಣಗಿದರು. ನಾನು ಒಂದೇ ಒಂದು ಮಾತು ಆಡದೆ ಕೂತಿದ್ದೆ, ಅಷ್ಟು ಭಯ ನನಗೆ. ಡಾಕ್ಟರಮ್ಮ ಹೊರಗೆ ಬಂದು ಚೆನ್ನಾಗಿ ಆಯಿತು ಎಂದಾಗ ನಾನು ಅಕ್ಕನನ್ನೇ ತಬ್ಬಿಕೊಂಡು ಅತ್ತುಬಿಟ್ಟೆ. ಅವರೂ ಅತ್ತರು. ಅವತ್ತಿನಿಂದ ಅವರ ಮೇಲೆ ಇದ್ದ ಸಿಟ್ಟಿನಲ್ಲಿ ಅರ್ಧ ಇಳಿದಿದೆ, ಉಳಿದರ್ಧ ಹಾಗೇ ಇದೆ.

ಮನೆಗೆ ಬಂದ ಮೇಲೆ ಎರಡು ವಾರ ಬರೀ ನೀರಾದ ಆಹಾರ, ಅದೂ ಚಮಚ ಚಮಚ. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ. ಒಂದು ಪುಟ್ಟ ಬಟ್ಟಲು ತುಂಬಿದರೆ ಮುಗಿಯಿತು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅವಸರ ಮಾಡುವಂತಿಲ್ಲ, ತುತ್ತನ್ನು ಅಗಿದು ಅಗಿದು ನುಂಗಬೇಕು. ಮಾತ್ರೆಗಳು ಜೀವನಪೂರ್ತಿ. ನಾಲ್ಕನೇ ತಿಂಗಳಲ್ಲಿ ಕೂದಲು ಉದುರಿತು. ಹೊಟ್ಟೆಯ ಚರ್ಮ ಜೋತುಬಿದ್ದು ಅವರಿಗೇ ಅಸಹ್ಯವಾಯಿತು. ನನ್ನ ಕಷ್ಟ ಬೇರೆ. ನನ್ನ ಅಡುಗೆಗೆ ಈ ಲೋಕದಲ್ಲಿ ಇದ್ದವರು ಒಬ್ಬರೇ ಅಭಿಮಾನಿ, ಅವರೂ ಮೂರು ತುತ್ತಿಗೆ ಸಾಕು ಅನ್ನತೊಡಗಿದರು. ಕೈ ಅಭ್ಯಾಸ ಹೋಗದೆ ಮೊದಲಿನಷ್ಟೇ ಮಾಡುತ್ತಿದ್ದೆ, ಉಳಿದದ್ದನ್ನು ಎರಡು ದಿನ ನಾನೇ ತಿನ್ನುತ್ತಿದ್ದೆ. ಒಂದು ದಿನ ಅವರು ಖಾಲಿ ಬಟ್ಟಲು ಹಿಡಿದು ಕೂತು, ಹಸಿವಿಲ್ಲ, ಆದರೂ ತಿನ್ನಬೇಕು ಅನ್ನಿಸುತ್ತದೆ ಎಂದು ಮಕ್ಕಳ ಹಾಗೆ ಅತ್ತರು. ನಾನು ಬೆನ್ನು ಸವರುತ್ತಾ ಕೂತೆ.

ಆದರೆ ಆಪರೇಷನ್ ಕೊಟ್ಟದ್ದರ ಲೆಕ್ಕವನ್ನೂ ಹೇಳಬೇಕಲ್ಲ. ಐದು ತಿಂಗಳಿಗೆ ಸಕ್ಕರೆಯ ಸೂಜಿ ನಿಂತಿತು. ಒತ್ತಡದ ಮಾತ್ರೆ ಅರ್ಧಕ್ಕೆ ಇಳಿಯಿತು. ಗೊರಕೆ ನಿಂತು ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಮೊದಮೊದಲು ಎದ್ದು ಅವರ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದೆ. ಉಸಿರು ಬೆಚ್ಚಗೆ, ಒಂದೇ ಸಮನೆ ತಾಗುತ್ತಿತ್ತು. ಅಷ್ಟು ಸಾಕಿತ್ತು ನನಗೆ. ಡಾಕ್ಟರಮ್ಮನ ಕೈ ತಣ್ಣಗಿರಲಿ ಎಂದು ಪ್ರತಿ ದಿನ ಅಂದುಕೊಳ್ಳುತ್ತೇನೆ, ಇವತ್ತೂ ಅಂದುಕೊಂಡೆ.

ಮೂರನೇ ತಿಂಗಳಿಗೇ ಅವರು ಕೆಲಸಕ್ಕೆ ಹೋಗತೊಡಗಿದ್ದರು. ಭಾರ ಎತ್ತಬಾರದು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಕಬ್ಬಿಣದ ಬಟ್ಟುಗಳ ಮಾತೇ ಇರಲಿಲ್ಲ, ಹಳೆಯ ಉಪಾಯವೇ ಗಟ್ಟಿಯಾಯಿತು. ತೂಕ ವಾರವಾರವೂ ಇಳಿಯುತ್ತಿತ್ತು, ದಿನಾ ಬೆಳಿಗ್ಗೆ ಬಾಗಿಲ ಹಿಂದಿನ ಅಂಕಿ ಅಳಿಸಿ ಹೊಸದು ಬರೆಯುತ್ತಿದ್ದರು. ಹಾಗೆ ಬರೆಯುವುದನ್ನು ತಪ್ಪಿಸದಿದ್ದರೆ ಏನೂ ಆಗುತ್ತಿರಲಿಲ್ಲ.

ಏಳನೇ ತಿಂಗಳಲ್ಲಿ ಒಂದು ದಿನ ಯಾವುದೋ ಗೋದಾಮಿನಲ್ಲಿ ಅವಸರಕ್ಕೆ ನಿಂತುಕೊಂಡೇ ಒಣ ಬ್ರೆಡ್ ನುಂಗಿದರು. ಅದು ಒಳಗೆ ಸಿಕ್ಕಿಹಾಕಿಕೊಂಡು ಶುರುವಾದ ವಾಂತಿ ದಿನಗಟ್ಟಲೆ ನಿಲ್ಲಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು, ಡಾಕ್ಟರಮ್ಮ ಚೆನ್ನಾಗಿ ಮಂಗಳಾರತಿ ಮಾಡಿದರು, ಅದರ ಮೇಲೆ ಮನೆಯಲ್ಲಿ ನಾನೂ ಮಾಡಿದೆ. ಒಟ್ಟು ಎಂಟು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಎಂಟನೇ ದಿನ ಸಂಜೆ ನರ್ಸಮ್ಮನ ಫೋನು ಬಂತು. ಗಾಲಿಕುರ್ಚಿಯ ಯಂತ್ರ ಬಾಯಿಗೆ ಬಂದ ಅಂಕಿ ಹೇಳುತ್ತಿದೆ, ಕೊನೆಯ ಸರದಿ ಮುಗಿದಿದೆ, ನಾಳೆ ಬೆಳಗಿನ ಸರದಿಯೊಳಗೆ ಸರಿಯಾಗಬೇಕು ಎಂದರು. ನಾನು ಬೇಡ ಅಂದೆ. ಇವರು ಕೇಳಲಿಲ್ಲ. ಮನೆಯಿಂದ ನೇರ ಆಸ್ಪತ್ರೆಗೆ ಹೋಗಿ, ಸಡಿಲವಾದ ತಂತಿ ಬೆಸೆದು, ಎಂದಿನಂತೆ ತಾವೇ ಹತ್ತಿ ನಿಂತು, ಯಂತ್ರವನ್ನು ತಮ್ಮ ತೂಕಕ್ಕೆ ಸರಿಹೊಂದಿಸಿ ಬಂದರು. ತೂಕ ಎಷ್ಟು? ಬಾಗಿಲ ಹಿಂದೆ ಕೊನೆಯ ಸಲ ಬರೆದದ್ದು, ಎಲ್ಲರಿಗಿಂತ ಚೆನ್ನಾಗಿ ಅವರಿಗೆ ನೆನಪಿದ್ದದ್ದು: ನೂರ ಎಂಟು ಕಿಲೋ ನಾನೂರು ಗ್ರಾಂ.

ಮರುದಿನ ಬೆಳಿಗ್ಗೆ ಅಂಗಡಿ ಗುಡಿಸಲೆಂದು ನಾನೂ ಜೊತೆಗೆ ಹೋದೆ. ಬಾಗಿಲು ತೆರೆದರು, ಯಂತ್ರದ ಮೇಲೆ ನಿಂತರು. ಅಂಕಿ ನೂರ ಮೂರು ಕಿಲೋ ಆರುನೂರರಲ್ಲಿ ನಿಂತಿತು. ನನಗೋ ಹಿಡಿಸಲಾರದಷ್ಟು ಖುಷಿ. ಒಂದೇ ವಾರದಲ್ಲಿ ಐದು ಕಿಲೋ ಅಂತ ಪೊರಕೆ ಹಿಡಿದುಕೊಂಡೇ ಕುಣಿದೆ. ಅವರು ನಗಲಿಲ್ಲ. ಅಂಕಿ ನೋಡಿದರು, ಬಾಗಿಲ ಹಿಂದೆ ಬರೆದದ್ದನ್ನು ನೋಡಿದರು. ಅವರ ಮುಖದ ಬಣ್ಣವೇ ಹೋಯಿತು.

"ನಿನ್ನೆ ಆ ಯಂತ್ರಕ್ಕೆ ಸುಳ್ಳು ಹೇಳ್ಕೊಟ್ಟು ಬಂದಿದೀನಿ," ಎಂದರು. "ಮೇಷ್ಟ್ರದು ಮೊದಲ ಸರದಿ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನೂರ ಮೂರನ್ನು ನೂರ ಎಂಟು ಎನ್ನುವ ಯಂತ್ರ ಅರವತ್ತು ಕಿಲೋದ ಮೇಷ್ಟ್ರನ್ನು ಸುಮಾರು ಅರವತ್ತಮೂರು ಅನ್ನುತ್ತದೆ. ಆ ಇಲ್ಲದ ಮೂರು ಕಿಲೋವನ್ನು ನೀರೆಂದುಕೊಂಡು ಅವರ ರಕ್ತದಿಂದ ತೆಗೆಯುತ್ತಾರೆ. ಗಡಿಯಾರ ನೋಡಿದೆ. ಮೊದಲ ಸರದಿ ಶುರುವಾಗಿ ಅರ್ಧ ತಾಸಾಗಿತ್ತು. ವಾರ್ಡಿಗೆ ಫೋನು ಮಾಡಿದರು, ಬಡಿದುಕೊಂಡು ಬಡಿದುಕೊಂಡು ನಿಂತಿತು. ಆ ಹೊತ್ತಿನಲ್ಲಿ ಅಲ್ಲಿ ಎಲ್ಲರ ಕೈಯೂ ರೋಗಿಗಳ ಮೇಲಿರುತ್ತದೆ. ಫೋನು ಮಾಡುತ್ತಲೇ ಇರು, ಐದು ಬಟ್ಟು ಆಟೋದಲ್ಲಿ ಹಾಕಿಕೊಂಡು ಬಾ ಎಂದು ನನಗೆ ಹೇಳಿ ಓಡಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಡಿಲ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬೀದಿ ತಿರುಗುವವರೆಗೂ ಓಡುತ್ತಲೇ ಇದ್ದರು.

ನಾನು ಫೋನು ಕಿವಿಗೆ ಸಿಕ್ಕಿಸಿಕೊಂಡು ಆಟೋ ನಿಲ್ಲಿಸಿದೆ. ಆರನೇ ಸಲಕ್ಕೆ ಯಾವಳೋ ಫೋನು ಎತ್ತಿ, ಈಗ ಪುರುಸೊತ್ತಿಲ್ಲ ಆಮೇಲೆ ಮಾಡಿ ಎಂದು ನನ್ನ ಮಾತು ಮುಗಿಯುವ ಮೊದಲೇ ಇಟ್ಟಳು. ಅವಳಿಗೆ ನಾನು ಬೈದದ್ದು ಆಟೋದವನಿಗೆ ಮಾತ್ರ ಕೇಳಿಸಿತು. ಪಾಪ, ತನಗೇ ಬೈದೆ ಅಂದುಕೊಂಡು ಬೇಗ ಬೇಗ ಬಟ್ಟು ಏರಿಸಿದ.

ಅಲ್ಲಿ ಏನಾಯಿತೆಂದು ಆಮೇಲೆ ನರ್ಸಮ್ಮನೇ ಹೇಳಿದರು. ಬೆಳಿಗ್ಗೆ ತೂಗಿದಾಗ ಮೇಷ್ಟ್ರ ಅಂಕಿ ನೋಡಿ ಅವರಿಗೆ ಸಿಟ್ಟು ಬಂದಿತ್ತು. ಎರಡೇ ದಿನದಲ್ಲಿ ಇಷ್ಟು ನೀರು ಕುಡಿದಿದ್ದೀರಲ್ಲ, ಬದುಕುವ ಆಸೆ ಇಲ್ಲವಾ ಎಂದು ತರಾಟೆಗೆ ತೆಗೆದುಕೊಂಡರಂತೆ. ಮೇಷ್ಟ್ರು ಲೋಟದ ಲೆಕ್ಕ ಹೇಳಿ, ಅಷ್ಟು ಕುಡಿದೇ ಇಲ್ಲ ಎಂದು ಗೋಗರೆದರಂತೆ. ಯಾರೂ ನಂಬಲಿಲ್ಲ. ಯಂತ್ರವನ್ನು ನಿನ್ನೆ ತಾನೇ ತಕ್ಕಡಿಯವರು ಸರಿ ಮಾಡಿ ಹೋಗಿದ್ದರಲ್ಲ, ಅದು ಹೇಗೆ ತಪ್ಪು ಹೇಳುತ್ತದೆ? ಆ ಸರದಿಯ ಮಿಕ್ಕ ಮೂವರು ರೋಗಿಗಳ ತೂಕವೂ ಜಾಸ್ತಿ ಬಂದಾಗ, ನಾಲ್ವರೂ ಸೇರಿ ಸುಳ್ಳು ಹೇಳುತ್ತಿದ್ದೀರಿ ಎಂದು ನಾಲ್ವರಿಗೂ ಬೈದು ಯಂತ್ರಗಳಿಗೆ ಸೇರಿಸಿದರು. ಅಷ್ಟರಲ್ಲಿ ನಮ್ಮವರು ಬಾಗಿಲು ತಳ್ಳಿಕೊಂಡು ಬಂದು, ವಾರ್ಡಿಗೆ ವಾರ್ಡೇ ತಿರುಗಿ ನೋಡುವ ಹಾಗೆ ಹೇಳಿದರು: "ನೀರು ತೆಗೆಯೋದು ನಿಲ್ಸಿ. ಮೇಷ್ಟ್ರು ನೀರು ಕುಡಿದಿಲ್ಲ. ತಪ್ಪು ನಂದು."

ನೀರು ತೆಗೆಯುವುದನ್ನು ಆ ಕ್ಷಣವೇ ನಿಲ್ಲಿಸಿದರು. ಎಳೆದದ್ದು ಇನ್ನೂ ಸ್ವಲ್ಪವೇ, ಅಷ್ಟು ಹೇಗೂ ತೆಗೆಯಲೇಬೇಕಾಗಿದ್ದ ನೀರು. ಯಾರಿಗೂ ಏನೂ ಆಗಲಿಲ್ಲ. ದೇವರು ದೊಡ್ಡವನು.

ಇದ್ಯಾವುದೂ ಗೊತ್ತಿಲ್ಲದೆ ನಾನು ಕೆಳಗೆ ಬಂದು ಇಳಿದೆ. ಲಿಫ್ಟಿನ ಮುಂದೆ ರಿಪೇರಿ ಎಂದು ಬರೆದ ಹಲಗೆ ನೇತಾಡುತ್ತಿತ್ತು. ಆಟೋದವನು ಮಹಡಿ ಹತ್ತುವುದಿಲ್ಲ ಎಂದು ಬಟ್ಟುಗಳನ್ನು ಮೆಟ್ಟಿಲ ಬಳಿ ಇಳಿಸಿ ಹೊರಟೇಬಿಟ್ಟ. ಯಾರನ್ನಾದರೂ ಕರೆಯಬೇಕೆಂದು ಹೊಳೆಯಲೇ ಇಲ್ಲ. ಒಂದು ಬಟ್ಟಿನ ಹಿಡಿ ಎರಡೂ ಕೈಯಲ್ಲಿ ಹಿಡಿದು ಹತ್ತಲು ಶುರು ಮಾಡಿದೆ. ಮೊದಲ ಮಹಡಿಗೆ ತೋಳು ಸೋತಿತು. ಎರಡನೆಯ ಮಹಡಿಗೆ ಹೋಗುವಷ್ಟರಲ್ಲಿ ಬಾಯಿ ಒಣಗಿ, ಕಣ್ಣಿಗೆ ಕತ್ತಲೆ ಕವಿಯಿತು. ಬಟ್ಟನ್ನು ನೆಲಕ್ಕಿಟ್ಟು ಗೋಡೆ ಹಿಡಿದುಕೊಂಡೆ.

ಆಗಲೇ ನನಗೆ ಹೊಳೆದದ್ದು. ನೂರ ನಲವತ್ತಾರರಿಂದ ನೂರ ಮೂರಕ್ಕೆ. ಇಂಥ ಎರಡು ಬಟ್ಟು ಅವರ ಮೈಯಿಂದ ಇಳಿದಿತ್ತು, ಇನ್ನೂ ಮೇಲೆ ಮೂರು ಕಿಲೋ. ನನಗೆ ಒಂದನ್ನು ಎರಡು ಮಹಡಿಗಿಂತ ಮೇಲೆ ಏರಿಸಲಾಗಲಿಲ್ಲ. ಅವರು ಎರಡನ್ನೂ ಕೆಳಗಿಡದೆ ಇಷ್ಟು ವರ್ಷ ಹೊತ್ತು ನಮ್ಮ ಮನೆಯ ಮೂರು ಮಹಡಿಯನ್ನು ದಿನಕ್ಕೆ ಎರಡು ಸಲ ಹತ್ತಿದ್ದರು. ಒಂದೊಂದು ತಿರುವಿನಲ್ಲಿ ಅವರು ಕಂಬಿ ಹಿಡಿದು ನಿಂತರೆ, ನಾನು ಮೇಲಿನಿಂದ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾ, ಸೋಮಾರಿತನಕ್ಕೂ ಒಂದು ಮಿತಿ ಬೇಡವೇ ಎಂದು ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಅಂಗಡಿಯಿಂದ ತಡವಾದರೆ ಸೋಮಾರಿ. ಭಾನುವಾರ ಮಲಗಿದರೆ ಸೋಮಾರಿ. ಅವರ ಅಕ್ಕನ ಮೇಲೆ ಸಿಟ್ಟು ಮಾಡುತ್ತಿದ್ದವಳು, ನಾನು ಅಂದದ್ದು ಅದಕ್ಕಿಂತ ಕಮ್ಮಿಯೇನಿತ್ತು? ಆ ತಿರುವಿನಲ್ಲಿ ನಿಂತು ನಾನು ನಾಚಿಕೆಯಿಂದ ಅತ್ತೆ.

ಮೇಲಿನಿಂದ ವಾರ್ಡಿನ ಇಬ್ಬರು ಆಳುಗಳು ಇಳಿದು ಬಂದರು, ಅವರ ಹಿಂದೆಯೇ ನಮ್ಮವರು. ನನ್ನ ಕಣ್ಣೀರು ನೋಡಿ ತಪ್ಪು ತಿಳಿದುಕೊಂಡು, ಮೇಷ್ಟ್ರು ಚೆನ್ನಾಗಿದ್ದಾರೆ, ಹೆದರಬೇಡ ಎಂದರು. ಆಳುಗಳು ಐದೂ ಬಟ್ಟುಗಳನ್ನು ಮೇಲೆ ಸಾಗಿಸಿದರು. ಎಲ್ಲರ ಎದುರಿಗೆ ಇಟ್ಟಾಗ, ನೂರು ಕಿಲೋ ಕಬ್ಬಿಣವನ್ನು ಯಂತ್ರ ನೂರ ನಾಲ್ಕೂವರೆ ಎಂದಿತು. ನರ್ಸಮ್ಮ ಕಾಗದ ಪೆನ್ನು ಹುಡುಕುವಷ್ಟರಲ್ಲಿ ಮೇಷ್ಟ್ರು ಮಲಗಿದಲ್ಲೇ ನಾಲ್ವರ ನಿಜವಾದ ತೂಕವನ್ನೂ ಲೆಕ್ಕ ಹಾಕಿ ಹೇಳಿದರು. ಆಮೇಲೆ ನರ್ಸಮ್ಮನ ಕಡೆ ತಿರುಗಿ, ಈಗ ನಾನು ಎಷ್ಟು ಲೋಟ ಕುಡಿದೆ ಹೇಳಿ ಎಂದು ಕೇಳಿದರು. ನರ್ಸಮ್ಮ ಅವರ ಹತ್ತಿರ ಕ್ಷಮೆ ಕೇಳಿ, ಆ ಸಿಟ್ಟನ್ನೆಲ್ಲ ನಮ್ಮವರ ಮೇಲೆ ತೀರಿಸಿಕೊಂಡರು. ಅವರು ಹೇಳುತ್ತಿದ್ದುದೆಲ್ಲ ನ್ಯಾಯವಾಗಿತ್ತು. ಇನ್ನು ಮೇಲೆ ಕಬ್ಬಿಣದ ಬಟ್ಟು ಇಡದೆ ಯಾವ ಯಂತ್ರಕ್ಕೂ ಸಹಿ ಹಾಕುವುದಿಲ್ಲ ಎಂದು ನಮ್ಮವರು ಬರೆದುಕೊಟ್ಟರು. ಬೇರೆಯವರಾಗಿದ್ದರೆ ಬೇರೆ ರಿಪೇರಿಯವನನ್ನು ಹುಡುಕಿಕೊಳ್ಳುತ್ತಿದ್ದರು. ನರ್ಸಮ್ಮ ಮುಂದಿನ ತಿಂಗಳ ತಾರೀಕು ಹೇಳಿ ಕಳಿಸಿದರು.

ಮೇಷ್ಟ್ರನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು. ನಿಮ್ಮಿಂದ ಇವರು ನನಗೆ ಉಳಿದರು ಎಂದು ಹೇಳಬೇಕೆಂದು ಎಷ್ಟೋ ತಿಂಗಳಿಂದ ಕಾಯುತ್ತಿದ್ದೆ, ಹೇಳಿದೆ. ಅವರು ನಮ್ಮವರ ಕಡೆ ಕೈ ತೋರಿಸಿ, ನಾಲ್ಕು ಮಹಡಿ ಓಡಿ ಬಂದರಲ್ಲಮ್ಮ, ನನ್ನ ಮಾತಿಗೆ ಇದಕ್ಕಿಂತ ಬೆಲೆ ಬೇಕೇ ಎಂದರು.

ಇಳಿಯುವಾಗ ಆ ಎರಡನೇ ಮಹಡಿಯ ತಿರುವಿನಲ್ಲಿ ನಾನು ಅವರ ಅಂಗಿ ಹಿಡಿದು ನಿಲ್ಲಿಸಿದೆ. ಇಷ್ಟು ವರ್ಷ ನಿಮ್ಮನ್ನು ಸೋಮಾರಿ ಸೋಮಾರಿ ಅಂತ ಅಂದೆ, ತಪ್ಪಾಯಿತು ಎಂದೆ. ಅಷ್ಟು ಭಾರ ಹೊತ್ತಿದ್ದರೂ ಒಂದು ದಿನವೂ ನನಗೆ ಯಾಕೆ ತಿರುಗಿ ಮಾತಾಡಲಿಲ್ಲ ಅಂತ ಕೇಳಿದೆ. ಅವರು ಈಗ ತಾನೇ ಓಡಿ ಹತ್ತಿದ ಮೆಟ್ಟಿಲುಗಳನ್ನು ನೋಡುತ್ತಾ ನಿಂತಿದ್ದರು.

"ಏನಂತ ಮಾತಾಡ್ಲಿ?" ಎಂದರು. "ನಾನು ಸೋಮಾರಿ ಅಂತ ನಾನೂ ನಂಬಿದ್ದೆ ಕಣೇ. ಇವತ್ತು ಬೆಳಿಗ್ಗೆವರೆಗೂ."